ನರದ ಚಿತ್ರದ ಮೇಲೆ ಬೆರಳಿಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಒಮ್ಮೆಯಾದರೂ ನರಕೋಶದ ಚಿತ್ರ ಬರೆದೇ ಇರುತ್ತಾರೆ. ಪೆನ್ಸಿಲ್ ಚೂಪು ಮಾಡಿ, ಅಡಿಕೋಲಿಟ್ಟು ಗೆರೆ ಎಳೆದು, ಭಾಗಗಳನ್ನು ಗುರುತಿಸಿ, ಅಂಕದ ಲೆಕ್ಕ ಹಾಕಿ ಪುಟ ಮಗುಚಿರುತ್ತಾರೆ. ಪರೀಕ್ಷೆಯ ಹಂಗು ತೀರಿದ ಮೇಲೆ ಅದೇ ಚಿತ್ರವನ್ನು ಸವಿಯಬೇಕೆಂದರೆ ದೂರದಿಂದ ನೋಡಿ ಪ್ರಯೋಜನವಿಲ್ಲ, ಬೆರಳಿಟ್ಟು ಹಿಂಬಾಲಿಸಬೇಕು.

ಡೆಂಡ್ರೈಟಿನ ತುದಿಯಿಂದ ಹೊರಡಿ. ಕೋಶಕಾಯ ದಾಟಿ, ಆಕ್ಸಾನ್ ಹಿಡಿದು, ಕೊನೆಯ ಕವಲಿನವರೆಗೂ ಬೆರಳು ತಡವರಿಸದೆ ಹೋದರೆ ಬರೆದವರಿಗೆ ವಿಷಯ ಗೊತ್ತಿದೆ. ಸಂದೇಶ ಯಾವ ಕಡೆಗೆ ಓಡುತ್ತದೆಂದು ತೋರಿಸುವ ಬಾಣವಿದೆಯೇ? ಇಲ್ಲದಿದ್ದರೆ ಅದನ್ನು ಗಿಡದ ಬೇರೆಂದರೂ ನಡೆದೀತು. ಆಕ್ಸಾನನ್ನು ನಡುವೆ ತುಂಡರಿಸಿ ಎರಡು ಓರೆಗೆರೆ ಹಾಕಿದ್ದರೆ ಮಾತ್ರ ಬರೆದವರಿಗೆ ಶಹಭಾಸ್ ಹೇಳಿ. ಬೆನ್ನುಹುರಿಯಿಂದ ಪಾದದ ಸ್ನಾಯುವಿಗೆ ಇಳಿಯುವ ಆಕ್ಸಾನ್ ಸುಮಾರು 1 ಮೀಟರ್ ಉದ್ದ. ಅದರ ಕೋಶಕಾಯವೋ ಹೆಚ್ಚೆಂದರೆ 0.1 ಮಿಲಿಮೀಟರ್. ಕೋಶಕಾಯವನ್ನು 2 ಸೆಂಟಿಮೀಟರ್ ಅಗಲ ಬರೆದರೆ, ಅದೇ ಲೆಕ್ಕದಲ್ಲಿ ಆಕ್ಸಾನಿಗೆ 200 ಮೀಟರ್ ಕಾಗದ ಬೇಕು! 'ಇಲ್ಲಿ ಉದ್ದ ಬಿಟ್ಟಿದ್ದೇನೆ' ಎಂದು ಆ ಓರೆಗೆರೆಗಳು ಪ್ರಾಮಾಣಿಕವಾಗಿ ಹೇಳುತ್ತವೆ.

ನರಕೋಶ ಬಿಟ್ಟು ಇಡೀ ನರದ ಚಿತ್ರಕ್ಕೆ ಬಂದರೆ, ಬಣ್ಣಕ್ಕೆ ಮರುಳಾಗಬೇಡಿ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ ಎನ್ನುವುದು ಪುಸ್ತಕದ ಕಟ್ಟಳೆ. ಮೈಯೊಳಗಿನ ನರ ಬೆಳ್ಳಗೆ ಹೊಳೆಯುತ್ತದೆ.

ಹೆಸರು ಬರೆಯುವುದೂ ಒಂದು ಕಲೆ. 1858ರ 'ಗ್ರೇಸ್ ಅನಾಟಮಿ' ಎಂಬ ಅಂಗರಚನೆಯ ಪುಸ್ತಕಕ್ಕೆ ಚಿತ್ರ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ನರದ ಹೆಸರನ್ನು ಪುಟದಂಚಿಗೆ ತಳ್ಳದೆ, ನರದ ಮೈಮೇಲೆಯೇ ಅದು ಹರಿದಂತೆ ಬರೆದರು. ಓದುಗನ ಕಣ್ಣು ದಾರಿ ತಪ್ಪುವುದೇ ಇಲ್ಲ. ನಮ್ಮ ಅಡಿಕೋಲಿನ ಗೆರೆಗಿಂತ ಇದೇ ಮೇಲು ಎಂದರೆ ವಿಜ್ಞಾನದ ಮೇಷ್ಟ್ರುಗಳು ಮುನಿಸಿಕೊಳ್ಳಬಾರದು. ಅದೇ ವರ್ಷ ಮುಂಬಯಿಗೆ ಬಂದ ಕಾರ್ಟರ್, ಮುಂದೆ ಅಲ್ಲಿ ಕುಷ್ಠರೋಗದ ಅಧ್ಯಯನಕ್ಕೆ ತೊಡಗಿದರು.

ಕುಷ್ಠ ಚರ್ಮದ ರೋಗವಷ್ಟೇ ಅಲ್ಲ, ನರದ ರೋಗ ಕೂಡ. ಮೊಣಕೈಯ ಒಳಬದಿಯಲ್ಲಿ ಮೂಳೆಯ ಉಬ್ಬೊಂದಿದೆ. ಅದರ ಹಿಂದೆ, ಚರ್ಮದ ಕೆಳಗೇ ಅಲ್ನರ್ ನರ ಹಾದುಹೋಗುತ್ತದೆ. ಬಾಗಿಲಿಗೆ ಮೊಣಕೈ ತಗುಲಿದಾಗ ಶಾಕ್ ಹೊಡೆದಂತಾಗುವುದು ಅದರಿಂದಲೇ. ಕುಷ್ಠದಲ್ಲಿ ಈ ನರ ದಪ್ಪಗಾಗಿ, ಕೆಟ್ಟುಹೋದರೆ ಕಿರುಬೆರಳು, ಉಂಗುರಬೆರಳು ಮಡಚಿಕೊಳ್ಳುತ್ತವೆ. ಪಾವಗಡದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಬಹುಕಾಲದಿಂದ ಕುಷ್ಠರೋಗಿಗಳ ಸೇವೆ ಮಾಡುತ್ತಿದೆ. ಈ ರೋಗದ ತಪಾಸಣೆಯಲ್ಲಿ ನರವನ್ನು ಬೆರಳಿನಿಂದ ಮುಟ್ಟಿ ನೋಡುವುದು ಮೊದಲ ಪಾಠಗಳಲ್ಲೊಂದು. ಚಿತ್ರದಲ್ಲಿ ನರವನ್ನು ಆ ಉಬ್ಬಿನ ಮುಂದೆ ಹರಿಸಿಬಿಟ್ಟರೆ, ಅದನ್ನು ನೋಡಿ ಕಲಿತ ಹುಡುಗನ ಬೆರಳು ತಪ್ಪು ಜಾಗದಲ್ಲಿ ಹುಡುಕುತ್ತದೆ. ಅಂಥ ಚಿತ್ರ ಎಷ್ಟೇ ಅಂದವಾಗಿದ್ದರೂ ಕೆಟ್ಟ ಚಿತ್ರವೇ. ಹಾಗಾಗಿ ತೋಳಿನ ಪುಟ ತೆರೆದಾಗ ಒಂದು ಕೈ ಚಿತ್ರದ ಮೇಲಿರಲಿ, ಅದೇ ಕೈಯ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಳ್ಳಿ.