ದಕ್ಕದ ಮುತ್ತಿನ ಸೊಗಸು

ಚೀನಾದ ಹಳೆಯ ತಾಯಿತ ನಾಣ್ಯಗಳು ಪೇಟೆಯಲ್ಲಿ ಓಡಿದ ದುಡ್ಡಲ್ಲ, ದುಡ್ಡಿನ ವೇಷ ತೊಟ್ಟ ರಕ್ಷೆಗಳು. ಹಾನ್ ರಾಜವಂಶದ ಕಾಲದಿಂದಲೂ ಇವನ್ನು ಎರಕ ಹೊಯ್ಯುತ್ತ ಬಂದಿದ್ದಾರೆ. ಇವುಗಳ ಮೇಲೆ ಮತ್ತೆ ಮತ್ತೆ ಎದುರಾಗುವ ಚಿತ್ರವೊಂದಿದೆ: ಎರಡು ಡ್ರ್ಯಾಗನ್‌ಗಳು, ನಡುವೆ ಒಂದು ಮುತ್ತು.

ಮುತ್ತೆಂದರೆ ಸಂಪತ್ತು ಎಂದು ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇಷ್ಟು ಅಗ್ಗದ ಅರ್ಥ ನನಗೆ ಒಪ್ಪಿಗೆಯಿಲ್ಲ. ವಿದ್ವಾಂಸರ ಜಗಳವೇ ಇನ್ನೂ ಹರಿದಿಲ್ಲ. ಡಿ ಗ್ರೂಟ್‌ಗೆ ಅದು ಗುಡುಗು. 1913ರಲ್ಲಿ ಡ್ರ್ಯಾಗನ್ ಬಗ್ಗೆಯೇ ಗ್ರಂಥ ಬರೆದ ಡಿ ವಿಸ್ಸರ್‌ಗೆ ಚಂದ್ರ. ಎರಡರ ಹಿಂದೆಯೂ ಇರುವುದು ಮಳೆ ಸುರಿಸುವ ಡ್ರ್ಯಾಗನ್. ಬೌದ್ಧಧರ್ಮದ ಜೊತೆ ನಮ್ಮ ನಾಗಗಳೂ ಚಿಂತಾಮಣಿಯೂ ಚೀನಾಕ್ಕೆ ಹೋದವು. ಚೀನೀ ಭಾಷೆಗೆ ಬಂದ ಬೌದ್ಧ ಸೂತ್ರ ಸದ್ಧರ್ಮಪುಂಡರೀಕದಲ್ಲಿ ನಾಗರಾಜನ ಎಂಟು ವರ್ಷದ ಮಗಳು ಬುದ್ಧನಿಗೆ ಅನರ್ಘ್ಯ ಮಣಿಯೊಂದನ್ನು ಅರ್ಪಿಸುತ್ತಾಳೆ. ನಾಗಮಣಿಯ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ.

ಅದಕ್ಕೂ ಹಳೆಯದು ಚೀನೀ ತತ್ತ್ವಜ್ಞಾನಿ ಜ್ವಾಂಗ್‌ಝಿಯ ಕಥೆ. ನದಿದಡದ ಬಡವನ ಮಗ ಮಡುವಿನಲ್ಲಿ ಮುಳುಗಿ ಬೆಲೆಬಾಳುವ ಮುತ್ತು ತರುತ್ತಾನೆ. ಅಪ್ಪ ಹಿಗ್ಗುವುದಿಲ್ಲ, ಕಲ್ಲು ತಂದು ಜಜ್ಜಿಬಿಡು ಅನ್ನುತ್ತಾನೆ. ಅದು ಕರಿ ಡ್ರ್ಯಾಗನ್ನಿನ ಗದ್ದದಡಿಯ ಮುತ್ತು. ಡ್ರ್ಯಾಗನ್ ನಿದ್ದೆಯಲ್ಲಿತ್ತು, ಹುಡುಗ ಬದುಕಿದ. ಅಂಗಡಿಯವರ ವಿವರಣೆಯಲ್ಲಿ ಈ ಭಯಕ್ಕೆ ಜಾಗವೇ ಇಲ್ಲ.

ಕಲೆಯಾಗಿ ನೋಡಿದರೆ ನನ್ನ ಮತ ಸೋಂಗ್, ಲಿಯಾವೋ, ಜಿನ್ ಕಾಲದ ಜಾಲರಿ ಎರಕಗಳಿಗೆ. ಅಲ್ಲಿ ಸಾಮಾನ್ಯವಾಗಿ ಬರಹವಿಲ್ಲ, ಹಿನ್ನೆಲೆಯ ಲೋಹವೂ ಇಲ್ಲ. ಡ್ರ್ಯಾಗನ್ನಿನ ಮೈಯೇ ನಾಣ್ಯ. ನಡುವಿನ ದುಂಡು ತೂತಿನ ಸುತ್ತ ಎರಡು ಡ್ರ್ಯಾಗನ್‌ಗಳು ಒಂದನ್ನೊಂದು ಅಟ್ಟುತ್ತಿರುತ್ತವೆ. ಮುತ್ತನ್ನು ಬೇರೆ ಬಿಡಿಸದ ಕಡೆ ನನ್ನ ಕಣ್ಣು ಆ ತೂತನ್ನೇ ಮುತ್ತೆಂದು ನೋಡುತ್ತದೆ. ಎಂತಹ ಜಾಣತನ! ಇಷ್ಟೆಲ್ಲ ಸೆಣಸಾಟ ನಡೆದಿರುವುದು ಖಾಲಿ ಜಾಗಕ್ಕಾಗಿ. ಇವುಗಳ ಮುಂದೆ ಚಿಂಗ್ ಕಾಲದ ಎಷ್ಟೋ ಮದುವೆ ತಾಯಿತಗಳು ಸಪ್ಪೆ. ಒಂದು ಮೈಯಲ್ಲಿ ಹಾರೈಕೆಯ ನಾಲ್ಕು ಅಕ್ಷರ, ಇನ್ನೊಂದರಲ್ಲಿ ಡ್ರ್ಯಾಗನ್-ಫೀನಿಕ್ಸ್ ಜೋಡಿ. ಶುಭಾಶಯ ಪತ್ರದಂತೆ ಎಲ್ಲವನ್ನೂ ಹೇಳಿಬಿಡುತ್ತವೆ, ನೋಡುವವರಿಗೆ ಏನನ್ನೂ ಉಳಿಸುವುದಿಲ್ಲ.

ಈ ಚಿತ್ರದ ಬಲ ಇರುವುದು ಮುತ್ತು ಯಾರಿಗೂ ದಕ್ಕದಿರುವುದರಲ್ಲಿ. ಈಗ ಫೆಂಗ್‌ಶುಯಿ ಅಂಗಡಿಗಳಲ್ಲಿ ಸಿಗುವ, ಡ್ರ್ಯಾಗನ್ ಮುತ್ತನ್ನು ಉಗುರಿನಲ್ಲಿ ಭದ್ರವಾಗಿ ಹಿಡಿದು ಕೂತ ಬೊಂಬೆಗಳಲ್ಲಿ ಆ ಬಲ ಉಳಿದಿಲ್ಲ. ಕೊಳ್ಳುವುದೇ ಆದರೆ ಹಳೆಯ ಜಾಲರಿ ಎರಕದ ಒಳ್ಳೆಯ ನಕಲೊಂದನ್ನು ಕೊಳ್ಳಿ.