ತೆರೆಯ ಮೇಲಿನ ಮೂವತ್ತು, ತೆರೆಯ ಹಿಂದಿನವರು

ವಿಕಾಸ್ ಬಹಲ್ ನಿರ್ದೇಶಿಸಿದ 'ಸೂಪರ್ 30' (2019) ಹಿಂದಿ ಚಿತ್ರವನ್ನು ಮಕ್ಕಳನ್ನು ಕೂರಿಸಿ ತೋರಿಸಿದ ಹೆತ್ತವರು ನಮ್ಮಲ್ಲಿ ಅನೇಕರು. ತೋರಿಸಬೇಕಾದ ಚಿತ್ರವೇ. ಪಾಟ್ನಾದ ಅಂಚೆ ನೌಕರನ ಮಗ ಆನಂದ್ ಕುಮಾರ್, ಕೇಂಬ್ರಿಜ್‌ನಲ್ಲಿ ಪ್ರವೇಶ ದೊರೆತರೂ ಹಣವಿಲ್ಲದೆ ಹೋಗಲಾಗದೆ, ಹಪ್ಪಳ ಮಾರಿ ಬದುಕಿ, ಕೊನೆಗೆ ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಐಐಟಿ ಪರೀಕ್ಷೆಗೆ ಸಜ್ಜುಗೊಳಿಸಿದ ಕಥೆ ಮನ ಕಲಕುತ್ತದೆ. ಹೃತಿಕ್ ರೋಷನ್ ಮುಖಕ್ಕೆ ಬಳಿದ ಕಂದುಬಣ್ಣ ಮಾತ್ರ ಕಿರಿಕಿರಿ. ಬಡವ ಕಪ್ಪಗೇ ಇರಬೇಕೆಂದು ಬಾಲಿವುಡ್‌ಗೆ ಯಾರು ಹೇಳಿಕೊಟ್ಟರೋ!

ನಮ್ಮ ತಕರಾರು ಬೇರೆಯೇ ಇದೆ. ಚಿತ್ರದಲ್ಲಿ ಮೊದಲ ತಂಡದ ಮೂವತ್ತು ಮಕ್ಕಳೂ ಗೆಲ್ಲುತ್ತಾರೆ. ವಾಸ್ತವದಲ್ಲಿ 2003ರ ಮೊದಲ ತಂಡದಿಂದ ಐಐಟಿಗೆ ಆಯ್ಕೆಯಾದವರು 18 ಮಂದಿ. ಅದು ದೊಡ್ಡ ಸಾಧನೆಯೇ. ಆದರೂ ಚಿತ್ರಕ್ಕೆ ಅಷ್ಟು ಸಾಲಲಿಲ್ಲ. ಉಳಿದ 12 ಮಕ್ಕಳನ್ನು ಅಳಿಸಿಬಿಟ್ಟರೆ ಕಥೆ ಅಂದವಾಗುತ್ತದೆ ನಿಜ, ಆದರೆ ಪ್ರತಿಭೆ ಇದ್ದವರೆಲ್ಲ ಗೆದ್ದೇ ಗೆಲ್ಲುತ್ತಾರೆ, ಸೋತವರಲ್ಲಿ ಅದು ಇರಲೇ ಇಲ್ಲ ಎಂಬ ಸುಳ್ಳೂ ಜೊತೆಗೇ ಬರುತ್ತದೆ. ಆಯ್ಕೆಯ ದಿನವೇ ಬಾಗಿಲಿನಿಂದ ಮರಳಿದವರ ಗತಿ ಏನಾಯಿತೆಂದು ಚಿತ್ರ ಕೇಳುವುದೇ ಇಲ್ಲ.

ಚಿತ್ರದ ಅತ್ಯಂತ ಸತ್ಯವಾದ ದೃಶ್ಯ ಹೋಳಿಯದ್ದು. ಇಂಗ್ಲಿಷಿಗೆ ಹೆದರುವ ಮಕ್ಕಳನ್ನು ಗುರು ಬೀದಿಗಿಳಿಸಿ ಇಂಗ್ಲಿಷಿನಲ್ಲೇ ನಾಟಕವಾಡಿಸುತ್ತಾನೆ. ನೋಡುಗರು ನಗುತ್ತಾರೆ, ಮಕ್ಕಳು ತಡವರಿಸುತ್ತಲೇ ಆಡಿ ಮುಗಿಸುತ್ತಾರೆ. ಭಾಷೆಯ ಭಯವನ್ನು ನಿರ್ದೇಶಕರು ಇಲ್ಲಿ ಚೆನ್ನಾಗಿ ಹಿಡಿದಿದ್ದಾರೆ. ಆದರೆ ಅದನ್ನು ಧೈರ್ಯದಿಂದಲೇ ದಾಟಬಹುದೆಂದು ಅವರು ನಂಬಿದಂತಿದೆ. ಜೆಇಇ ಮೇನ್ ಪರೀಕ್ಷೆಗೆ ಕನ್ನಡ ಬಂದದ್ದೇ 2021ರಲ್ಲಿ. ಐಐಟಿಯ ಬಾಗಿಲಾದ ಅಡ್ವಾನ್ಸ್‌ಡ್ ಪರೀಕ್ಷೆ ಇಂದಿಗೂ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಪಾಟ್ನಾದ ಹುಡುಗನಿಗೆ ಹಿಂದಿಯಾದರೂ ಉಂಟು. ರಾಯಚೂರಿನ ಕನ್ನಡ ಮಾಧ್ಯಮದ ಹುಡುಗಿಗೆ?

ಚಿತ್ರಕ್ಕೆ ಗೊತ್ತಿರುವುದು ಬಡತನ ಒಂದೇ. ಬಿಹಾರದ ಬಡತನಕ್ಕೆ ಜಾತಿಯಿದೆ, ಧರ್ಮವಿದೆ ಎಂಬ ಕಡೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2006ರ ಸಾಚಾರ್ ವರದಿಯ ಪ್ರಕಾರ ಐಐಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಶೇ. 3.3. 2001ರ ಜನಗಣತಿಯಲ್ಲಿ ಅವರ ಜನಸಂಖ್ಯೆ ಶೇ. 13.4. ಈ ಅಂತರ ಕಂಡೇ 2008ರಲ್ಲಿ ಅದೇ ಪಾಟ್ನಾದಲ್ಲಿ ಮೌಲಾನಾ ವಲಿ ರಹ್ಮಾನಿ 'ರಹ್ಮಾನಿ 30' ಆರಂಭಿಸಿದರು. ಸೂಪರ್ 30 ಕಟ್ಟುವಲ್ಲಿ ಜೊತೆಗಿದ್ದ ಪೊಲೀಸ್ ಅಧಿಕಾರಿ ಅಭಯಾನಂದ್ ಅದಕ್ಕೂ ಪಾಠದ ಹೊಣೆ ಹೊತ್ತರು. ಇದನ್ನು ಯಾರಾದರೂ ಸಿನಿಮಾ ಮಾಡಬೇಕಿತ್ತು.

ಆದರೆ ಹದಿನೇಳರ ಹರೆಯದಲ್ಲಿ ಹುಡುಕಾಟ ಶುರುಮಾಡಿದರೆ ತಡವಾಯಿತು. ಐದನೇ ತರಗತಿಯಲ್ಲೇ ಮಕ್ಕಳನ್ನು ಆರಿಸುವ ಜವಾಹರ್ ನವೋದಯ ವಿದ್ಯಾಲಯಗಳು ಈ ದೃಷ್ಟಿಯಿಂದ ಹೆಚ್ಚು ವಿವೇಕದ ಯೋಜನೆ. ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಹುಡುಗಿಯರಿಗೆ. ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಅರ್ಧ ಅಂಕ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ. ಅಲ್ಲಿಯೂ ಕೋಚಿಂಗ್ ನುಸುಳಿದೆ ಎಂಬುದು ಬೇರೆ ಮಾತು. ತೊಡಕಿರುವುದು ಒಂದೇ ಅವಕಾಶ ಎಂಬ ನಿಯಮದಲ್ಲಿ. ಆ ವರ್ಷ ಅರ್ಜಿ ತುಂಬಲು ಮರೆತ ಮಗುವಿಗೆ ಆರನೆಯ ತರಗತಿಯ ಆ ಬಾಗಿಲು ಮುಚ್ಚಿದಂತೆಯೇ. ಅರ್ಜಿಯೂ ಈಗ ಆನ್‌ಲೈನ್. ಬೀಡಿ ಕಟ್ಟುವ ತಾಯಿಗೆ ಆ ಸುದ್ದಿ ಮುಟ್ಟಿಸುವವರು ಶಾಲೆಯ ಮೇಷ್ಟ್ರೋ, ಶುಕ್ರವಾರದ ಜುಮಾದ ಬಳಿಕ ಎದ್ದುನಿಂತು ಎರಡು ಮಾತು ಹೇಳುವ ಜಮಾಅತಿನ ಕಾರ್ಯದರ್ಶಿಯೋ ಆಗಬೇಕಷ್ಟೆ.