ತಾಲ್ಲೂಕು ಬಿಟ್ಟ ವಿಳಾಸ

ಖಾಸಗಿ ಐಪಿ ವಿಳಾಸ ಯಾವುದು, ಸಾರ್ವಜನಿಕ ಯಾವುದು ಎಂಬ ಭೇದ ಹಳೆಯ ಕ್ಲಾಸ್‌ಫುಲ್ ರೂಟಿಂಗ್ ಪ್ರೊಟೊಕಾಲ್‌ಗಳಿಗೆ ತಿಳಿಯದು. 1988ರಲ್ಲಿ ಚಾರ್ಲ್ಸ್ ಹೆಡ್ರಿಕ್ ದಾಖಲಿಸಿದ, ರಿಪ್ ಎಂಬ ಅಂಥ ಪ್ರೊಟೊಕಾಲಿನ ಮೊದಲ ಆವೃತ್ತಿ ವಿಳಾಸದ ಆರಂಭ ನೋಡಿ ಎ, ಬಿ, ಸಿ ಎಂದು ವರ್ಗ ಹಚ್ಚುತ್ತದೆ. ಸಬ್‌ನೆಟ್ ಮಾಸ್ಕನ್ನು ಪಕ್ಕದ ರೂಟರಿಗೆ ಹೇಳುವುದೇ ಇಲ್ಲ. ಎಡವಟ್ಟೆಲ್ಲ ಇಲ್ಲಿಂದಲೇ.

ಮೈಸೂರಿನಲ್ಲಿ ಕೇಂದ್ರ ಕಚೇರಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಶಾಖೆಗಳಿರುವ ಬ್ಯಾಂಕೊಂದನ್ನು ಊಹಿಸಿಕೊಳ್ಳಿ. ಶಾಖೆಗಳಿಗೆ 10.1.1.0ರಿಂದ 10.1.4.0ವರೆಗೆ ಒಂದೊಂದು ಸಬ್‌ನೆಟ್. ಮೈಸೂರಿಗೆ ಬರುವ ನಾಲ್ಕು ಲೈನುಗಳಿಗೆ 192.168ರ ವಿಳಾಸಗಳು. ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಲೈನು ಬೇರೆ ಮೂಲಜಾಲಕ್ಕೆ (ವರ್ಗದ ಲೆಕ್ಕದ ಇಡೀ ಜಾಲಕ್ಕೆ) ಸೇರಿದ್ದರಿಂದ ಪ್ರತಿ ಶಾಖೆಯ ರೂಟರೂ ತನ್ನ ಸಬ್‌ನೆಟ್ಟನ್ನು ನುಂಗಿಕೊಂಡು, ಇಡೀ 10.0.0.0 ತನ್ನ ಬಳಿಯೇ ಇದೆಯೆಂದು ಸಾರುತ್ತದೆ. ತಾಲ್ಲೂಕು ಬಿಟ್ಟು ಬರೀ ‘ಮೈಸೂರು ಜಿಲ್ಲೆ’ ಎಂದು ಬರೆದ ಲಕೋಟೆಯ ಪಾಡು. ಸಿಸ್ಕೊ ರೂಟರಾದರೆ ಸಮದೂರದ ನಾಲ್ಕು ದಾರಿಗಳನ್ನು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಲೆಕ್ಕ ಸರಿಹೊಂದುವುದೇ ಇಲ್ಲಿನ ದುರದೃಷ್ಟ! ಕೋಟೆಗೆ ಹೊರಟ ಪ್ಯಾಕೆಟ್ ಪಿರಿಯಾಪಟ್ಟಣಕ್ಕೆ ಹೋಗಿ ಅಲ್ಲೇ ಬಿದ್ದುಹೋದೀತು. ಜಾಲ ಪೂರ್ತಿ ಕೆಟ್ಟಿದ್ದರೆ ಕಾರಣ ಬೇಗ ಸಿಗುತ್ತಿತ್ತು. ಕೆಲವು ಪಿಂಗ್‌ಗಳಿಗೆ ಉತ್ತರ ಬರುವುದರಿಂದ ಅನುಮಾನವೆಲ್ಲ ಕೇಬಲ್ಲಿನ ಮೇಲೆ, ಲೈನು ಕೊಟ್ಟವರ ಮೇಲೆ.

ಶಾಖೆಗಳಿಗೂ 192.168.1.0, 192.168.2.0 ಎಂದು ಹಂಚಿದ್ದರೆ ರಿಪ್ ಚಕಾರ ಎತ್ತುತ್ತಿರಲಿಲ್ಲ. ಖಾಸಗಿ ಶ್ರೇಣಿಗಳಲ್ಲಿ 192.168 ಎಂಬುದು 256 ಸಿ ವರ್ಗದ ಜಾಲಗಳ ಕಂತೆ. 172.16ರಿಂದ 172.31ರವರೆಗಿನದು 16 ಬಿ ಜಾಲಗಳು. 10 ಮಾತ್ರ ಒಂದೇ ಒಂದು ಎ ಜಾಲ. ಎಲ್ಲಕ್ಕಿಂತ ಧಾರಾಳವಾದ ಶ್ರೇಣಿಗೇ ಹೆಚ್ಚು ಪೆಟ್ಟು. ಲೈನುಗಳಿಗೂ 10ರಿಂದಲೇ ಕೊಟ್ಟರೆ ಕೆಲಸ ನಡೆದೀತು. ಆದರೆ ಮಾಸ್ಕ್ ಎಲ್ಲೆಡೆ ಒಂದೇ ಇರಬೇಕಾದ್ದರಿಂದ ಎರಡೇ ತುದಿಯ ಲೈನಿಗೂ 256 ವಿಳಾಸ ಸುರಿಯಬೇಕು.

ಇನ್ನು ಖಾಸಗಿ-ಸಾರ್ವಜನಿಕ ಭೇದದ ಮಾತು. ಖಾಸಗಿ ಜಾಲದ ದಾರಿಗಳು ಸಂಸ್ಥೆಯಾಚೆಗೆ ಹಬ್ಬಬಾರದೆಂದು ಆರ್‌ಎಫ್‌ಸಿ 1918 ಹೇಳಿದ್ದು 1996ರ ಫೆಬ್ರವರಿಯಲ್ಲಿ. ಆ ಬೇಲಿಯನ್ನು ಫಿಲ್ಟರ್ ಬರೆದು ಹಾಕಬೇಕಾದವರು ಜಾಲ ನಡೆಸುವವರೇ. ಎಂಟು ವರ್ಷ ಮೊದಲೇ ಬಂದ ರಿಪ್ ಅನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಮರುತಿಂಗಳೇ ಆರ್‌ಎಫ್‌ಸಿ 1923 ಅದರ ಮೊದಲ ಆವೃತ್ತಿಯನ್ನು ಇತಿಹಾಸಕ್ಕೆ ಸೇರಿಸಲು ಹೊರಟಿತ್ತು. ನನ್ನ ತಕರಾರು ಅನಂತರದವರ ಮೇಲೆ. ಎರಡನೇ ಆವೃತ್ತಿ ಮಾಸ್ಕನ್ನು ಜೊತೆಗೇ ಒಯ್ಯುತ್ತದೆ. ಆದರೂ ಸಿಸ್ಕೊ ಅದರಲ್ಲಿ ಸಬ್‌ನೆಟ್ ನುಂಗುವ ಹಳೆಯ ಸಂಕ್ಷೇಪವನ್ನು ತಾನಾಗಿ ನಡೆಯುವಂತೆ ಉಳಿಸಿತು. ಬೇಡವೆಂದರೆ ಪ್ರತಿ ಶಾಖೆಯ ರೂಟರಿಗೂ ‘ನೋ ಆಟೊ-ಸಮ್ಮರಿ’ ಎಂದು ಹೇಳಬೇಕು. ಒಂದು ಕಡೆ ಮರೆತರೂ ಸಾಕು, ಆ ಶಾಖೆ ಮತ್ತೆ ಇಡೀ ಹತ್ತರ ಒಡೆತನ ಸಾರತೊಡಗುತ್ತದೆ.